ಒಂದೇ ಕಾರು ಬಲ್ಲ ಮೆಕ್ಯಾನಿಕ್

ಅವರ ಬಲಗಿವಿಯ ಹಾಲೆಯ ಮೇಲೆ ಸದಾ ಒಂದು ಕರಿ ಕಲೆ ಇರುತ್ತಿತ್ತು. ಮಚ್ಚೆಯಲ್ಲ, ಗ್ರೀಸು. ಯೋಚನೆ ಬಂದಾಗಲೆಲ್ಲ ಕೆಲಸದ ಕೈಯಿಂದಲೇ ಕಿವಿ ತಿಕ್ಕಿಕೊಳ್ಳುವುದು ಅವರ ಅಭ್ಯಾಸ. ಕಲೆ ಎಷ್ಟು ಅಗಲವಾಗಿದೆ ಎಂದು ನೋಡಿದರೆ ಸಾಕು, ಆ ದಿನ ನನ್ನ ಕೆಲಸ ಆಗುತ್ತದೋ ಇಲ್ಲವೋ ಗೊತ್ತಾಗುತ್ತಿತ್ತು. ಬಹುಪಾಲು ಆಗುತ್ತಿರಲಿಲ್ಲ.

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕ, ತಗಡಿನ ಚಾವಣಿಯಡಿ ಅವರ ಗ್ಯಾರೇಜು. ಅವರು ಮುಟ್ಟುತ್ತಿದ್ದದ್ದು ಒಂದೇ ಕಾರು: ಜಪಾನಿನ ಕಂಪನಿಯೊಂದರ, ಹಿಂದೆ ಉದ್ದ ಡಿಕ್ಕಿ ಇರುವ, ಒಂದು ಸಂಸಾರ ಆರಾಮಾಗಿ ಕೂರಬಹುದಾದ ಕಾರು. ಬೇರೆ ಯಾವುದನ್ನು ತಂದರೂ ಬಾಗಿಲಲ್ಲೇ ಕೈಮುಗಿದು ಕಳಿಸುತ್ತಿದ್ದರು. ಅದೇ ಕಾರು ತಂದವರ ಪಾಡು ಇನ್ನೂ ಕಷ್ಟ. ಏನು ತೊಂದರೆ ಎಂದು ಅವರು ಕೇಳುವ ಮೊದಲು ಅದರ ಇಡೀ ವಂಶಾವಳಿ ಕೇಳಿಸಿಕೊಳ್ಳಬೇಕು.

"ಮೊದ್ಲು ಬಂದುದ್ದು ತಗ್ಗುಂದು, ಪೆಟ್ರೋಲು ಒಂದೇಯ. ಆಮ್ಯಾಕೆ ಉಬ್ಬು ಬೆನ್ನಿಂದು ಬಂತು, ಮೀನಿದ್ದಂಗೆ. ಜನ ನಕ್ರು. ಆದ್ರೆ ಒಳಗೆ ಜಾಗ ಎಂಗಿತ್ತು ಗೊತ್ತಾ? ಮೂರ್ನೇದು ಬಾಣದ ಮೂತೀದು. ನಾಕ್ನೇದ್ರಲ್ಲಿ ಡೀಸೆಲ್ಲೂ ಬಿಟ್ರು. ನಿಮ್ದು ನಾಕ್ನೇದೇ ಕಣಮ್ಮ, ಆದ್ರೆ ಪೆಟ್ರೋಲು, ಅದ್ರಲ್ಲೂ ನಡುವ್ಲುದು, ಕಮ್ಮಿ ರೇಟಿಂದೂ ಅಲ್ಲ, ಜಾಸ್ತಿ ರೇಟಿಂದೂ ಅಲ್ಲ."

ನಾನು ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಹೇಳಿದ್ದನ್ನೇ ಹತ್ತು ಸಲ ಹೇಳುವ ಕಸುಬು ನನ್ನದು, ಕೇಳಿಸಿಕೊಳ್ಳುವುದಲ್ಲ. ಅವರ ಮುಂದೆ ನಿಂತಾಗ ನನ್ನ ಹಿಂದಿನ ಬೆಂಚಿನ ಮಕ್ಕಳ ಮೇಲೆ ಕನಿಕರ ಬರುತ್ತಿತ್ತು.

ಕಾರು ನನ್ನ ಗಂಡನದು. ಅವರು ಹೃದಯಾಘಾತವಾಗಿ ಹೋದ ಮೇಲೆ ಹಾಸನದ ನಮ್ಮ ಮನೆ ಮುಂದೆ ನಿಂತೇ ಇತ್ತು. ಮದುವೆಯಾದ ಹೊಸತರಲ್ಲಿ ನಾನೂ ಲೈಸೆನ್ಸ್ ಮಾಡಿಸಿದ್ದೆ, ಆದರೆ ಸ್ಟೀರಿಂಗ್ ಹಿಡಿಯುವ ಅಗತ್ಯ ಬಿದ್ದಿರಲಿಲ್ಲ. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲಿ ಹಾದು ಬಸ್‌ಸ್ಟ್ಯಾಂಡಿಗೆ ನಡೆಯುವುದು ಅಸಾಧ್ಯವಾಯಿತು. ಮೊದಲಿಂದಲೂ ಅದನ್ನು ನೋಡಿಕೊಂಡವರು ಇವರೇ ಆದ್ದರಿಂದ ಹೋಗಿ ಹೇಳಿದೆ, "ಯಾರಾದರೂ ಒಳ್ಳೆಯವರಿಗೆ ಕೊಡಿಸಿಬಿಡಿ."

"ಆಯ್ತು ಬುಡಿ ಮೇಡಂ," ಎಂದು ಕಿವಿ ತಿಕ್ಕಿಕೊಂಡು, ಕಾರನ್ನು ಗ್ಯಾರೇಜಿಗೆ ತಂದಿಟ್ಟುಕೊಂಡರು.

ಒಂದು ವಾರವೆಂದದ್ದು ಎರಡು ತಿಂಗಳಾಯಿತು. ಒಂದು ಸಲ ಬಾಗಿಲಿನ ರಬ್ಬರು ತರಿಸಿದರೆ ಅಂಗಡಿಯವರು ಮೂರನೇ ಮಾದರಿಯದು ಕಳಿಸಿದ್ದಾರೆ ಎಂದರು. ಇನ್ನೊಂದು ಸಲ, ಬಂದ ಕನ್ನಡಿ ಇದೇ ಕಾರಿನ ಮೇಲಿನ, ದುಬಾರಿ ಮಾದರಿಯದು, ಮಡಚಿಕೊಳ್ಳುತ್ತದೆ, ಇದಕ್ಕೆ ಅದು ಸಲ್ಲದು ಎಂದರು. "ಕೊಳ್ಳುವವರಿಗೆ ಇದೆಲ್ಲ ಯಾಕ್ರೀ?" ಎಂದರೆ ನನ್ನನ್ನೇ ದಡ್ಡಿಯಂತೆ ನೋಡಿದರು.

ಒಂದು ಶನಿವಾರ ಮಧ್ಯಾಹ್ನ ಹೋದಾಗ ಅವರು ಡಿಕ್ಕಿಯ ಮೇಲೆ ಬಗ್ಗಿದ್ದರು. ಗಾಳದ ದಾರವನ್ನು ಗರಗಸದಂತೆ ಎಳೆಯುತ್ತ, ಅಲ್ಲಿ ಅಂಟಿಸಿದ್ದ ಎರಡು ಬೆಳ್ಳಿ ಅಕ್ಷರಗಳನ್ನು ಕಿತ್ತುಹಾಕುತ್ತಿದ್ದರು. ಅವು ಮೇಲಿನ ಮಾದರಿಯ ಗುರುತು. ನನ್ನ ಗಂಡ ಅದನ್ನು ಭಾನುವಾರ ಭಾನುವಾರ ಬಟ್ಟೆಯಿಂದ ಉಜ್ಜುತ್ತಿದ್ದದ್ದು ನನಗೆ ಗೊತ್ತು.

"ಏನು ಮಾಡ್ತಿದೀರಿ? ಅದು ಅವರು ಆಸೆಪಟ್ಟು ಇಟ್ಟುಕೊಂಡಿದ್ದು."

"ಗೊತ್ತು. ಯಜಮಾನ್ರು ತರ್ಸಿ ಅಂಟ್ಸಿದ್ರು. ಅವ್ರು ಇರೋಗಂಟ ನಾನು ಒಂದು ಮಾತಾಡ್ನಿಲ್ಲ, ಅವ್ರ ಕಾರು, ಅವ್ರ ಆಸೆ. ಈಗ ಇನ್ನೊಬ್ರಿಗೆ ಓಯ್ತದೆ. ಮ್ಯಾಲಿಂದುಕ್ಕೆ ಆರು ಏರ್‌ಬ್ಯಾಗು ಮೇಡಂ, ಇದುಕ್ಕೆ ಎಲ್ಡೇಯ. ಅಕ್ಸರ ನಂಬ್ಕಂಡು ಯಾರಾರ ಮಕ್ಳುನ್ನ ಕೂರುಸ್ಕಂಡು ಓದ್ರೆ?"

ಗಂಡ ಸತ್ತ ದಿನ ಅತ್ತದ್ದಕ್ಕಿಂತ ಜಾಸ್ತಿ ಆ ಗ್ಯಾರೇಜಿನಲ್ಲಿ, ಹಳೇ ಟೈರೊಂದರ ಮೇಲೆ ಕೂತು ಅತ್ತೆ. ಅವರು ಟೀ ತರಿಸಿಕೊಟ್ಟು, ಉಳಿದ ಅಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿದರು.

ಕೊನೆಗೆ ಚನ್ನರಾಯಪಟ್ಟಣದಿಂದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಹೆಂಡತಿಯ ಜೊತೆ ಬಂದರು. ಓಡಿಸಿ ನೋಡಿದರು, ಮೆಚ್ಚಿದರು. ಆಕೆಯಂತೂ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, "ಇದೇ ಇರ್ಲಿ ಕಣ್ರೀ," ಎಂದರು. ಆಗ ನಮ್ಮ ಮೆಕ್ಯಾನಿಕ್ ಡಿಕ್ಕಿ ತೆರೆದು, ಒಳಗಿನ ಹಾಸು ಎತ್ತಿ, ತಗಡಿನ ಮೇಲಿನ ಒಂದು ಗೀರು ತೋರಿಸಿದರು.

"ಇದು ಹಿಂದ್ಲಿಂದ ಒಡ್ಸ್ಕಂಡಿದ್ದು. ನಾನೇ ಸರಿ ಮಾಡಿವ್ನಿ. ಏನೂ ಆಗಲ್ಲ. ಆದ್ರೆ ನಿಮ್ಗೆ ಗೊತ್ತಿರ್ಲಿ ಅಂತ."

ವ್ಯಾಪಾರಿ ಹೆಂಡತಿಯ ಮುಖ ನೋಡಿದರು. ಆಕೆ ಇಳಿದರು. ನಾಳೆ ಫೋನ್ ಮಾಡುತ್ತೇವೆ ಎಂದು ಹೋದವರು ಹೋದರು.

ನಾನು ಜನರೆದುರು ಹಾಗೆ ಕೂಗಾಡಿದ್ದು ಅದೇ ಮೊದಲು. "ನೀವು ಮೆಕ್ಯಾನಿಕ್ಕೋ ಪುರೋಹಿತರೋ? ಮಾರಿಸಿಕೊಡಿ ಅಂದರೆ ಜಾತಕ ಓದ್ತೀರಿ. ನಿಮ್ಮಿಂದ ಈ ಜನ್ಮದಲ್ಲಿ ಇದು ಮಾರಾಟವಾಗಲ್ಲ. ಕೊಡಿ ಕೀಲಿ, ನಾನೇ ಓಡಿಸ್ತೀನಿ."

ಹಟಕ್ಕೆ ಆಡಿದ ಮಾತು. ಅವರು ಕೀಲಿ ಕೊಟ್ಟೇಬಿಟ್ಟರು. "ಲೈಸೆನ್ಸ್ ಐತಾ?" ಎಂದಷ್ಟೇ ಕೇಳಿದರು.

ಮುಂದಿನ ನಾಲ್ಕು ಭಾನುವಾರ ಬೂವನಹಳ್ಳಿ ಕಡೆಯ ಖಾಲಿ ರಸ್ತೆಯಲ್ಲಿ ಅವರೇ ಪಕ್ಕದಲ್ಲಿ ಕೂತು ಕಲಿಸಿದರು. ಅವರಿಗಿಂತ ಕೆಟ್ಟ ಗುರುವನ್ನು ನಾನು ಕಂಡಿಲ್ಲ. ಎದುರಿಗೆ ಎಮ್ಮೆ ಬಂದಾಗ, ಮೂರನೇ ಮಾದರಿಗಿಂತ ಇದರ ಕ್ಲಚ್ಚು ಎಷ್ಟು ಮೆತ್ತಗಿದೆ ಎಂದು ವಿವರಿಸುತ್ತಿದ್ದರು. "ಪುಣ್ಯಾತ್ಮರೇ, ಈಗ ಯಾವುದನ್ನು ಒತ್ತಬೇಕು, ಅದು ಹೇಳಿ," ಎಂದು ನಾನು ಚೀರುವಷ್ಟರಲ್ಲಿ ಕಾರು ರಾಗಿ ಹೊಲಕ್ಕಿಳಿದಿತ್ತು. ಹೊಲದವನಿಗೆ ಅವರು ಕೈಮುಗಿದು, ನನಗೆ ಹೇಳಿದರು: "ನೋಡುದ್ರಾ, ಅಡಿ ತಾಗ್ನಿಲ್ಲ. ಎರಡ್ನೇದಾಗಿದ್ರೆ ತಾಗ್ತಿತ್ತು."

ಐದನೇ ವಾರ ಒಬ್ಬಳೇ ಅರಕಲಗೂಡಿಗೆ ಹೋದೆ. ಶಾಲೆಯ ಗೇಟಿನೊಳಗೆ ನಿಲ್ಲಿಸಿದಾಗ ಬೆವರಿನಿಂದ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಆಮೇಲೆ ಎಲ್ಲಿಗೆ ಹೋಗಬೇಕಾದರೂ ಮೈದುನನಿಗೆ ಫೋನ್ ಮಾಡುವುದನ್ನು ಬಿಟ್ಟೆ. ಅಮ್ಮನ ಕಣ್ಣಿನ ಆಪರೇಷನ್ನಿಗೆ ನಾನೇ ಕರೆದೊಯ್ದೆ. ಮಗಳನ್ನು ಕೂರಿಸಿಕೊಂಡು ದೊಡ್ಡಗದ್ದವಳ್ಳಿಯ ಹಳೇ ಗುಡಿಗೆ ಹೋಗಿ, ಕೆರೆಯ ಪಕ್ಕ ಬುತ್ತಿ ಬಿಚ್ಚಿ ಉಂಡು ಬಂದೆ.

ಕೆಲವು ವರ್ಷದ ಮೇಲೆ ಒಂದು ದಿನ ಕೇಳಿದೆ. "ನಾನು ಓಡಿಸೋದು ಕಲೀಲಿ ಅಂತಲೇ ಅವತ್ತು ಆ ಗಿರಾಕಿಯನ್ನ ಓಡಿಸಿದ್ರಾ?"

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಇಲ್ಲ ಮೇಡಂ. ಡಿಕ್ಕಿ ಒಡ್ಸ್ಕಂಡಿತ್ತಲ್ಲ?"

ನನ್ನ ಬದುಕನ್ನು ತಿರುಗಿಸಿದವರಿಗೆ ತಾವು ಏನಾದರೂ ತಿರುಗಿಸಿದ್ದು ಕಡೆಗೂ ಗೊತ್ತಾಗಲಿಲ್ಲ.

ಕಳೆದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಹಾಸನದ ಆಸ್ಪತ್ರೆಯಲ್ಲಿ ನೋಡಲು ಹೋದೆ. ಆ ಕಾರಿನ ಐದನೇ ಮಾದರಿ ಬಂದು, ಅದರಲ್ಲಿ ಪೆಟ್ರೋಲು ಮತ್ತು ಬ್ಯಾಟರಿ ಎರಡರಲ್ಲೂ ಓಡುವುದೂ ಬಂದಿತ್ತು. ನಮ್ಮ ಹೆಡ್‌ಮಾಸ್ಟರು ಅದನ್ನೇ ಕೊಂಡಿದ್ದಾರೆ ಎಂದೆ.

"ಬ್ರೇಕ್ ಹಾಕ್ದಾಗ ಚಾರ್ಜ್ ಆಯ್ತದಂತೆ. ಸದ್ದು ಎಂಗೈತೆ?"

"ಸದ್ದೇ ಇಲ್ಲ."

"ಸದ್ದೇ ಇಲ್ಲ ಅಂದ್ರೆ ಎಂಗೆ? ಸರ್ಯಾಗಿ ಕೇಳಿಸ್ಕಂಡ್ ಬರದಲ್ವಾ ಮೇಡಂ?" ಎಂದು ಮುಖ ಆ ಕಡೆ ತಿರುಗಿಸಿದರು. ನನಗೂ ರೇಗಿತು. ಬೇಗ ಎದ್ದು ಬಂದೆ.

ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ತೀರಿಕೊಂಡರೆಂದು ಫೋನ್ ಬಂತು. ಶಾಲೆಗೆ ರಜೆ ಹೇಳಿ ಆಸ್ಪತ್ರೆಗೆ ಹೋದೆ. ಅವರ ಊರು ಹಳ್ಳಿಮೈಸೂರು. ದೇಹವನ್ನಿಟ್ಟಿದ್ದ ವ್ಯಾನಿನಲ್ಲಿ ಗಂಡಸರೇ ತುಂಬಿಕೊಂಡಿದ್ದರು. ಅವರ ಹೆಂಡತಿ ಗೋಡೆಗೊರಗಿ ನಿಂತಿದ್ದರು. ನನ್ನ ಜೊತೆ ಬನ್ನಿ ಎಂದೆ.

ಮುಂದಿನ ಸೀಟಿನ ಬಾಗಿಲು ತೆರೆದರೆ ಆಕೆ ಹಿಂಜರಿದರು. "ಇಂದ್ಗಡೆ ಕೂತ್ಕತೀನಿ ಕಣವ್ವಾ. ನಂಗೆ ರೂಢಿ ಇಲ್ಲ."

"ಯಾಕೆ? ಅವರು ಕರೆದುಕೊಂಡು ಹೋಗ್ತಿರಲಿಲ್ವಾ?"

"ಒಂದಿನಾನೂ ಇಲ್ಲ. ನಾವಿಬ್ರೂ ಬಸ್ಸೇಯ. ಕೇಳುದ್ರೆ, ಅವೆಲ್ಲ ಬ್ಯಾರೇರ ಕಾರು ಕಣೇ, ರಿಪೇರಿಗೆ ಬಿಟ್ಟವ್ರೆ, ಸವಾರಿಗಲ್ಲ ಅನ್ನೋರು."

ಇಪ್ಪತ್ತೈದು ವರ್ಷ ಆ ಕಾರಿನ ಹೊಟ್ಟೆಯೊಳಗೇ ಬದುಕಿದ ಮನುಷ್ಯ, ಹೆಂಡತಿಯನ್ನು ಒಂದು ಸಲವೂ ಅದರಲ್ಲಿ ಕೂರಿಸಿರಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು. ನನಗೆ ತಡೆಯಲಾರದಷ್ಟು ಬಂತು. ಆಕೆಯನ್ನು ಕೈಹಿಡಿದು ಮುಂದೆಯೇ ಕೂರಿಸಿ, ಬಗ್ಗಿ ಬೆಲ್ಟ್ ಹಾಕಿದೆ. ವ್ಯಾನು ಆಗಲೇ ಮುಂದೆ ಹೋಗಿತ್ತು. ಹೊಳೆನರಸೀಪುರ ದಾಟುವವರೆಗೂ ಆಕೆ ಎರಡೂ ಕೈಯಲ್ಲಿ ಬೆಲ್ಟ್ ಹಿಡಿದುಕೊಂಡು, ಎದುರಿನ ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಚೆನ್ನಾಗೈತೆ," ಎಂದರು.