ಹತ್ತು ಉಗಿಬಂಡಿ, ಒಂದು ಅಳತೆಪಟ್ಟಿ

ಶಂಕ್ರೆಪ್ಪ ತಾಮ್ರದ ಕೆಲಸದವನು. ಬಿಜಾಪುರದ ಕಡೆಯಿಂದ ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅದರಲ್ಲಿ ಹದಿನಾಲ್ಕು ವರ್ಷ ಕಾಂದಿವಲಿಯ ಒಂದು ಶೆಡ್ಡಿನಲ್ಲಿ ಕೂತು ಆಟದ ಉಗಿಬಂಡಿಗಳಿಗೆ ಬಾಯ್ಲರು ಬೆಸೆದ. ಆಟದ್ದೆಂದರೆ ಕೀಲಿ ಕೊಟ್ಟು ಬಿಡುವ ತಗಡಿನ ಬಂಡಿಯಲ್ಲ. ಮೊಳದುದ್ದದ ಎಂಜಿನು, ಹೊಟ್ಟೆಯೊಳಗೆ ನಿಜವಾದ ನೀರು, ಕೆಳಗೆ ಸ್ಪಿರಿಟ್ಟಿನ ದೀಪ. ನೀರು ಕುದಿದು ಉಗಿಯಾಗಿ ಪಿಸ್ಟನ್ನನ್ನು ತಳ್ಳಿದರೆ ಗಾಲಿ ತಿರುಗಬೇಕು, ಶಿಳ್ಳೆ ಕೂಗಬೇಕು. ಕೊಳ್ಳುತ್ತಿದ್ದವರು ಮಲಬಾರ್ ಹಿಲ್ಲಿನವರು, ಸಂಸ್ಥಾನದವರು. ಸಂಸ್ಥಾನಗಳು ಮುಳುಗಿದವು, ಹೊರದೇಶದ ತಾಮ್ರದ ಕೊಳವೆ ಬರುವುದು ನಿಂತಿತು. ಐವತ್ತಮೂರರಲ್ಲಿ ಶೆಡ್ಡಿನ ಯಜಮಾನ ಸೇಠ್ ಬಂದು ‘ಬಂದ್’ ಅಂದ. ಹನ್ನೊಂದು ಜನ ಕೆಲಸಗಾರರು ಗೇಟಿನ ಮುಂದೆ ನಾಲ್ಕು ದಿನ ಕೂತು ಗಂಟಲು ಹರಿಯುವಂತೆ ಕೂಗಿದರು. ಐದನೆಯ ದಿನ ಮಳೆ ಹಿಡಿಯಿತು. ಎದ್ದು ಹೋದರು.

ಹೋಗುವಾಗ ಶಂಕ್ರೆಪ್ಪ ಚೀಲಕ್ಕೆ ಹಾಕಿಕೊಂಡದ್ದು ಒಂದೇ, ಅಂಗೈಯಗಲದ ಹಿತ್ತಾಳೆಯ ಅಳತೆಪಟ್ಟಿ. ಅದರಲ್ಲಿ ಜೋಡಿ ಜೋಡಿ ತೂತು. ಪಿಸ್ಟನ್ನೋ ಗಾಲಿಯ ಅಚ್ಚೋ ಮಾಡಿದವನು ಅದನ್ನು ಮೊದಲ ತೂತಿಗೆ ಹಾಕಿದರೆ ಹೋಗಬೇಕು, ಪಕ್ಕದ್ದಕ್ಕೆ ಹಾಕಿದರೆ ಹೋಗಬಾರದು. ಅಷ್ಟೇ ಶಾಸ್ತ್ರ. ಯಾರು ಮಾಡಿದ ತುಂಡಾದರೂ ಯಾವ ಎಂಜಿನಿಗಾದರೂ ಕೂರುತ್ತಿತ್ತು. ಪಟ್ಟಿ ಉಕ್ಕಿನದಿರಬೇಕಿತ್ತು, ಸೇಠ್ ಹಿತ್ತಾಳೆಯದೇ ಸಾಕೆಂದಿದ್ದ. ಹಿತ್ತಾಳೆ ಬೇಗ ಸವೆಯುತ್ತದೆ, ಹಾಗಾಗಿ ಅದನ್ನು ಬಟ್ಟೆಯಿಂದ ಒರೆಸುವುದೇ ಹೊರತು ಉಜ್ಜುವುದಿಲ್ಲ. ಶೆಡ್ಡಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಉಣ್ಣುವವನಿಗೆ ಬಾಯಿ ತೋರಿಸುತ್ತಾರೆಯೇ?

ಆಮೇಲೆ ನಾಲ್ಕು ವರ್ಷ ವಡಾಲದ ಚಾಳಿನ ಮೂಲೆಯಲ್ಲಿ ಸ್ಟೋವ್ ರಿಪೇರಿ. ಸೀಮೆಎಣ್ಣೆಯ ನಾತ ಅವನ ಅಂಗಿಗಲ್ಲ, ಚರ್ಮಕ್ಕೇ ಹತ್ತಿತ್ತು. ಸ್ಟೇಷನ್ನಿನ ಹತ್ತಿರ ಉಡುಪಿಯ ಕಡೆಯ ಕಾಂತಪ್ಪನ ಹೋಟೆಲಿತ್ತು. ಅಲ್ಲಿಯ ನೀರು ಕಾಯಿಸುವ ದೊಡ್ಡ ಬಾಯ್ಲರು ವಾರಕ್ಕೆರಡು ಸಲ ಸೋರುತ್ತಿತ್ತು.

“ಮೇಸ್ತ್ರಿ, ನೀವು ಇಲ್ಲೇ ಇದ್ದುಬಿಡಿ ಮಾರಾಯ್ರೆ,” ಎಂದ ಕಾಂತಪ್ಪ. “ಬಾಯ್ಲರು ನೋಡ್ಕೊಳ್ಳಿ, ಉಳಿದ ಹೊತ್ತು ಒಲೆ, ಪಾತ್ರೆ. ಎರಡು ಊಟ, ತಿಂಗಳ ಸಂಬಳ.”

“ವಿಚಾರ ಮಾಡಿ ಹೇಳ್ತೀನ್ರಿ.”

“ಎಂತ ವಿಚಾರ? ನಿಮ್ಮ ಆಟದ ರೈಲು ಬರ್ತದೆ ಅಂತ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೀರಾ? ಸೋಮವಾರದವರೆಗೆ ಕಾಯ್ತೇನೆ. ಆಮೇಲೆ ಬೇರೆ ಜನ ಉಂಟು.”

ನಿಂತದ್ದು ಸುಳ್ಳಲ್ಲ. ಅಂಧೇರಿಯಲ್ಲಿ ವಾಗ್ಳೆ ಎಂಬ ಹಲ್ಲಿನ ಡಾಕ್ಟರಿದ್ದರು, ಮಂಗಳೂರಿನವರು. ಅವರೂ ಅವರ ಆರು ಜನ ಗೆಳೆಯರೂ ಆ ಶೆಡ್ಡಿನ ಉಗಿಬಂಡಿಗಳನ್ನು ಮಕ್ಕಳಿಗಿಂತ ಹೆಚ್ಚು ಜೋಪಾನ ಮಾಡಿದವರು. ಮಳೆಗಾಲಕ್ಕೆ ಮೊದಲು ಡಾಕ್ಟರು ಚಾಳಿಗೇ ಹುಡುಕಿಕೊಂಡು ಬಂದಿದ್ದರು.

“ಶಂಕ್ರೆಪ್ಪ, ಈ ಬಂಡಿಗಳನ್ನು ಮತ್ತೆ ಮಾಡೋಣ. ನಾವು ಏಳು ಜನ, ಎಲ್ಲರ ಮನೆಯಲ್ಲೂ ಲೇತ್ ಮಿಶನ್ ಉಂಟು. ಒಬ್ಬೊಬ್ಬರು ಒಂದೊಂದು ಭಾಗ, ಹತ್ತತ್ತು. ಬಾಯ್ಲರು ನೀನು. ಹತ್ತು ಬಂಡಿ ಓಡಿದರೆ ಫೋರ್ಟಿನ ಆಟಿಕೆ ಅಂಗಡಿಯವ ತಗೊಳ್ತಾನೆ. ಆಮೇಲೆ ಕಾಂದಿವಲಿಯ ಶೆಡ್ಡು ಬಾಡಿಗೆಗೆ, ನೀನೇ ಮೇಸ್ತ್ರಿ. ಹಳಬರನ್ನೆಲ್ಲ ಕರೆಸು.”

ಶಂಕ್ರೆಪ್ಪ ಅಳತೆಪಟ್ಟಿ ತೆಗೆದುಕೊಟ್ಟ. ಹೇಗೆ ಹಾಕಿ ನೋಡುವುದೆಂದು ತೋರಿಸಿದ. ಉಜ್ಜಬೇಡಿ ಎನ್ನಲಿಲ್ಲ. ಓದಿದವರಿಗೆ ಅದನ್ನೇನು ಹೇಳುವುದು?

ಪಟ್ಟಿ ಏಳು ಮನೆ ಸುತ್ತಿತು. ಇತ್ತ ಶಂಕ್ರೆಪ್ಪ ಮಳೆಗಾಲವಿಡೀ ಚಾಳಿನ ಮೊಗಸಾಲೆಯಲ್ಲಿ ಬಿಳಿಗಾರ ಸವರಿ, ಬೆಳ್ಳಿಬೆಸುಗೆ ಹರಿಸಿ, ಒಂದೊಂದನ್ನೂ ನೀರಿನ ಒತ್ತಡ ಕೊಟ್ಟು ಪರೀಕ್ಷೆ ಮಾಡಿ ಹತ್ತು ಬಾಯ್ಲರು ಮುಗಿಸಿದ. ಹೊಗೆ ಕುಡಿದು ಕುಡಿದು ಕೆಮ್ಮು ಎದೆಗಿಳಿಯಿತು. ಹೆಂಡತಿ ಅಂಬವ್ವ ಆ ಬಾಯ್ಲರುಗಳನ್ನು ಗೋಡೆಗೆ ಸಾಲಾಗಿ ಇಟ್ಟು ನೋಡಿದಳು.

“ಇಷ್ಟ ಸಣ್ಣ ಹಂಡೆ ಯಾರ ಜಳಕಕ್ಕರಿ? ಇಲಿಗೋ?”

“ನಗು, ನಗು. ಶೆಡ್ಡಿನ ಬಾಗಲಾ ತೆಗೀತೈತಿ, ಆಮ್ಯಾಲ ನೋಡು.”

“ಹೋಟೆಲ್ಲಿನಾಂವ ಸೋಮವಾರ ಅಂದಾನ. ಅದನ್ನೂ ನೋಡ್ರಿ.”

ಭಾನುವಾರ ಶಂಕ್ರೆಪ್ಪ ಗೋಣಿಚೀಲ ಹೊತ್ತು ಲೋಕಲ್ ರೈಲು ಬದಲಿಸಿ ಅಂಧೇರಿಗೆ ಹೋದ. ಡಾಕ್ಟರ ತೋಟದಲ್ಲಿ ಹಳಿ ಹಾಸಿತ್ತು. ಏಳೂ ಜನ ತಾವು ಮಾಡಿದ್ದನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಮದುಮಗಳ ಒಡವೆಯ ಹಾಗೆ ಕಾವಲು ಕೂತಿದ್ದರು. ಕೆಲಸ ಚೆಂದವಿತ್ತು. ಆ ಮಾತು ಸುಳ್ಳು ಮಾಡುವ ಹಾಗಿಲ್ಲ. ಆದರೆ ಪಿಸ್ಟನ್ನು ಸಿಲಿಂಡರಿಗೆ ಹಾಕಿದರೆ ಅರ್ಧಕ್ಕೆ ಕಚ್ಚಿಕೊಂಡಿತು. ಅಚ್ಚು ಗಾಲಿಯ ತೂತಿಗೆ ಮೂಗು ತೂರಿಸಿ ನಿಂತಿತು. ಒಂದಲ್ಲ, ಹತ್ತೂ.

“ಪಟ್ಟಿ ಕೊಡ್ರಿ ಇಲ್ಲೆ,” ಎಂದ ಶಂಕ್ರೆಪ್ಪ.

ಪಟ್ಟಿ ಮಖಮಲ್ಲಿನ ಬಟ್ಟೆಯಲ್ಲಿ ಬಂತು. ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು.

“ಇದನ್ನ ಯಾರ ಉಜ್ಜಿದ್ರಿ?”

“ಎಲ್ಲರೂ!” ಎಂದರು ಡಾಕ್ಟರು ಹೆಮ್ಮೆಯಿಂದ. “ಎಷ್ಟು ಕೊಳಕಾಗಿತ್ತು! ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹಾಗೆ ಕಳಿಸಲಿಕ್ಕೆ ಆಗ್ತದಾ? ನಯದ ಎಮರಿ ಕಾಗದ ಹಾಕಿ, ತೂತಿನ ಒಳಗೂ ತಿಕ್ಕಿ ಕಳಿಸಿದ್ದು.”

ಏಳು ಮನೆ, ಏಳು ತಿಕ್ಕು. ತೂತು ಪ್ರತಿ ಮನೆಯಲ್ಲೂ ಕೂದಲೆಳೆಯಷ್ಟು ಅಗಲವಾಗಿತ್ತು. ಅದಕ್ಕೆ ಸರಿಯಾಗಿ ಮಾಡಿದ ತುಂಡು ದಪ್ಪವಾಗಿತ್ತು. ಶಂಕ್ರೆಪ್ಪ ಉಗುರಿನಿಂದ ತೂತಿನ ಅಂಚು ಸವರಿ ನೋಡಿ, ಹುಲ್ಲಿನ ಮೇಲೆ ಕೂತ. ಬೈಯಬೇಕೆಂದರೆ ಯಾರನ್ನು ಬೈಯುವುದು? ತನ್ನ ಬಾಯಿ ಎಲ್ಲಿ ಹೋಗಿತ್ತು?

“ಮತ್ತ ಮಾಡಬೇಕಾಗ್ತದ್ರಿ. ಅರ ಹಾಕಿ ತಿದ್ದಿದ್ರ ಆ ಒಂದ ಬಂಡಿಗೆ ಅಷ್ಟ ಕೂಡ್ತೈತಿ, ಅಂಗಡಿಗೆ ಕೊಡಾಕ ಆಗಂಗಿಲ್ಲ. ಬಾಯ್ಲರು ಹತ್ತೂ ಸರಿ ಅದಾವ. ಪಟ್ಟಿ ನಾ ಹೊಸಾದು ಕೊಡ್ತೀನಿ. ಎರಡು ತಿಂಗಳ ಕೆಲಸ.”

ಡಾಕ್ಟರೇ ಮಾತಾಡಿದರು. ದನಿಯಲ್ಲಿ ಕಪಟವಿರಲಿಲ್ಲ.

“ಪುನಃ ಅದೇ ಹತ್ತು ಪಿಸ್ಟನ್ನಾ? ಮೊದಲನೆಯದು ಮಾಡುವಾಗ ಖುಷಿ ಉಂಟು ಶಂಕ್ರೆಪ್ಪ. ಎರಡನೆಯದೂ ಆಗ್ಲಿ. ಹತ್ತನೆಯದು ಮಾಡುವಾಗಲೇ ಕುತ್ತಿಗೆ ಹೋಗಿತ್ತು. ಅದೆಲ್ಲ ಕೂಲಿಯ ಹಾಗೆ ಆಗ್ತದಲ್ವಾ?”

“ಹೌದ್ರಿ,” ಎಂದ ಶಂಕ್ರೆಪ್ಪ. “ಕೂಲಿನೇ ಅದು.”

ಬಂದದ್ದಕ್ಕೆ ಒಂದಾದರೂ ಓಡಲಿ ಎಂದು ಅರ ಹಿಡಿದು ಕೂತ. ಪಿಸ್ಟನ್ನು ತಿದ್ದಿದ, ಅಚ್ಚು ಸವೆಸಿದ. ಸಂಜೆಯ ಹೊತ್ತಿಗೆ ಒಂದು ಬಂಡಿ ಶಿಳ್ಳೆ ಹಾಕಿ ತೋಟ ಸುತ್ತಿತು. ಏಳು ಜನ ಬೆಳೆದ ಗಂಡಸರು ಚಪ್ಪಾಳೆ ತಟ್ಟಿ ಅದರ ಹಿಂದೆ ಓಡಿದರು. ಅವರಿಗೆ ಬೇಕಾದದ್ದು ಅಷ್ಟೇ. ಇನ್ನೊಂದೊಂದನ್ನು ತಮ್ಮ ತಮ್ಮ ಮನೆಯಲ್ಲಿ ಪುರುಸೊತ್ತಾದಾಗ ಜೋಡಿಸಿಕೊಳ್ಳುತ್ತೇವೆಂದು ತಲೆಗೊಂದು ಬಾಯ್ಲರು ಎತ್ತಿಟ್ಟುಕೊಂಡರು. ಶೆಡ್ಡಿನ ಮಾತು ಯಾರ ಬಾಯಿಗೂ ಬರಲಿಲ್ಲ. ಶಂಕ್ರೆಪ್ಪನ ಕೈಗೆ ಕೇಕಿನ ಪೊಟ್ಟಣ ಬಂತು.

“ಪಟ್ಟಿ ಬಿಟ್ಟು ಹೋಗ್ತಾ ಇದ್ದೀಯಲ್ಲ,” ಎಂದು ಡಾಕ್ಟರು ಹಿಂದಿನಿಂದ ಕೂಗಿದರು.

“ಇರ್ಲಿ ಬಿಡ್ರಿ. ಅದೀಗ ಬರೇ ಹಿತ್ತಾಳಿ.”

ಸೋಮವಾರ ಬೆಳಗಾಗುತ್ತಲೇ ಶಂಕ್ರೆಪ್ಪ ಹೋಟೆಲಿನ ಅಡಿಗೆಮನೆಯಲ್ಲಿದ್ದ.

“ಎಂತ, ರೈಲು ಬಂತಾ ಮೇಸ್ತ್ರಿ?” ಎಂದ ಕಾಂತಪ್ಪ.

“ಬಂದು ಹೋತ್ರಿ.”

ಬಾಯ್ಲರಿನ ನಲ್ಲಿ ಬಿಚ್ಚಿ ಬೆಳಕಿಗೆ ಹಿಡಿದ. ಒಳಗಿನ ಬಾಯಿ ಕನ್ನಡಿಯ ಹಾಗೆ ಮಿಂಚುತ್ತಿತ್ತು. ತಿಕ್ಕಿ ತಿಕ್ಕಿ ಸವೆದು ಬಿರಡೆ ಸಡಿಲವಾಗಿತ್ತು, ಸೋರುವುದು ಇಲ್ಲೇ. ಕೆಮ್ಮು ಬಂತು, ಅದು ಮುಗಿಯುವವರೆಗೆ ಗೋಡೆ ಹಿಡಿದು ನಿಂತು, ಆಮೇಲೆ ಕೇಳಿದ:

“ಇದನ್ನ ದಿನಾ ಯಾರ ತಿಕ್ಕತಾರ್ರಿ?”

“ನಾನೇ! ಹೊಳೆಯದಿದ್ದರೆ ಗಿರಾಕಿ ಮೂಗು ಮುರಿಯುದಿಲ್ವಾ?”

“ಹೊರಗ ಎಷ್ಟ ಬೇಕಾದ್ರೂ ತಿಕ್ರಿ,” ಎಂದ ಶಂಕ್ರೆಪ್ಪ. “ಒಳಗ ಕೈ ಹಾಕಬ್ಯಾಡ್ರಿ. ಈ ಸಲ ಮೊದಲ ಹೇಳೀನಿ.”