ಶಾಸಕರಿಗೆ ಕೊಟ್ಟ ಬಾವಿಯ ನೀರು

ಮಕ್ಕಳೇ, ಕುಲಶೇಖರದ ನಮ್ಮ ಮನೆಯ ಹಿಂದೆ ಎಣ್ಣೆ ಕಂಪೆನಿಯ ಪೈಪು ಒಡೆದ ಮೇಲೆ, ನಿಮ್ಮ ಅಜ್ಜ ತೋಡಿಸಿದ ಬಾವಿಯ ನೀರಿಗೆ ಡೀಸೆಲ್ ವಾಸನೆ ಬಂತು. ಎಷ್ಟು ಎಣ್ಣೆ ಸೋರಿತು, ನೀರು ಕುಡಿಯಬಹುದೇ ಎಂದು ಕಂಪೆನಿ ಹೇಳಲೇ ಇಲ್ಲ. ಕೊನೆಗೆ ಇಬ್ಬರು ಶಾಸಕರು ಕಂಪೆನಿಯ ಅಧಿಕಾರಿಯನ್ನು ಕರೆದುಕೊಂಡು ನಮ್ಮ ಅಂಗಳಕ್ಕೇ ಬಂದರು.

ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡದೆ ಇದ್ದವಳಲ್ಲ ನಾನು. ಗಡಿಬಿಡಿಯಲ್ಲಿ, ಆಗ ಕುಡಿಯಲು ತರಿಸುತ್ತಿದ್ದ ಕ್ಯಾನಿನ ನೀರು ಮರೆತು, ಅಭ್ಯಾಸದಂತೆ ಬಾವಿಯಿಂದಲೇ ಸೇದಿ ತಂದಿಟ್ಟೆ.

"ಬಾವಿ ನೀರಿನ ಪರೀಕ್ಷೆಯ ವರದಿ ಎಲ್ಲಿ ಉಂಟು?" ಎಂದು ಹಿರಿಯ ಶಾಸಕರು ಕೇಳಿದರು.

"ಮೇಲಿನ ಆಫೀಸಿನಲ್ಲಿ ಉಂಟು ಸರ್. ನೀರಿಗೆ ಎಂತ ಆಗ್ಲಿಲ್ಲ," ಎಂದರು ಅಧಿಕಾರಿ.

"ಹಾಗಾದ್ರೆ ಕುಡೀರಿ ಮಾರಾಯ್ರೆ, ನೋಡುವ. ಅಮ್ಮ ಈಗಷ್ಟೇ ಸೇದಿದ್ದು."

ಅಧಿಕಾರಿ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡರು, ಲೋಟ ಮುಟ್ಟಲಿಲ್ಲ. ಎಲ್ಲರೂ ನಕ್ಕರು. ಬಾವಿಯ ನೀರನ್ನೇ ಕೊಟ್ಟೆನಲ್ಲ ಎಂದು ನಾನು ನಾಚಿ ಬಾಗಿಲ ಹಿಂದೆ ನಿಂತೆ. ಹದಿನೈದು ದಿನದಲ್ಲಿ ವರದಿ ಕೊಡಬೇಕೆಂದು ಗದರಿಸಿ ಶಾಸಕರು ಕಾರು ಹತ್ತಿದರು. ಅವರ ಲೋಟಗಳೂ ತುಂಬಿಯೇ ಇದ್ದವು.

ಎರಡು ಮಳೆಗಾಲ ಕಳೆದರೂ ವರದಿ ಬರಲಿಲ್ಲ. ನನಗೆ ಬೇಕಾದ ಉತ್ತರ ಅಂದೇ ಸಿಕ್ಕಿತ್ತು. ಅವರು ಹೋದ ಮೇಲೆ ರಾಟೆಯ ಹಗ್ಗ ಬಿಚ್ಚಿ ಸುತ್ತಿಟ್ಟೆ. ನಿಮಗೆಲ್ಲ ಆ ಬಾವಿಯ ನೀರು ಕುಡಿಸಬೇಕೆಂದಿದ್ದೆ. ಅದು ಇನ್ನು ಆಗದು.