ಚಿಕ್ಕಬಸಮ್ಮ ಹಾಕದ ಸಹಿ

ಕೌದಳ್ಳಿಯಿಂದ ನಾಲ್ಕು ಮೈಲಿ ಒಳಗಿರುವ ಕಲ್ಲುದೊಡ್ಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅಂಗನವಾಡಿ ನಡೆಸುತ್ತಿರುವ ಚಿಕ್ಕಬಸಮ್ಮನಿಗೆ ಒಂದು ಚಾಳಿಯಿದೆ. ಓದದೆ ಎಲ್ಲಿಯೂ ಸಹಿ ಹಾಕುವುದಿಲ್ಲ. ಬೇಳೆ ಮೂಟೆ ತರುವ ಲಾರಿಯವನು ಎಂಜಿನ್ ಆರಿಸದೆ ಚೀಟಿ ಚಾಚಿದರೂ, ಆಕೆ ನಿಧಾನವಾಗಿ ಕನ್ನಡಕ ಹುಡುಕಿ, ಮೂಟೆ ಬಿಚ್ಚಿ ನೋಡಿ, ಆಮೇಲೆ ಪೆನ್ನು ಕೇಳುತ್ತಾಳೆ. ಆಫೀಸಿನವರಿಗೂ ಈ ಚಾಳಿಗೂ ಮೊದಲಿಂದಲೂ ಆಗಿಬಂದಿಲ್ಲ.

ಹನೂರಿನ ತಿಂಗಳ ಮೀಟಿಂಗಿನಲ್ಲಿ ಅಂಗನವಾಡಿಗಳ ಮೇಲಿನ ಸಾಹೇಬರಾದ ಶಿವನಂಜಯ್ಯನವರು, ಟೈಪು ಮಾಡಿದ ಹಾಳೆಯೊಂದನ್ನು ಮುಂದೆ ತಳ್ಳಿದಾಗಲೂ ಆಕೆ ಓದಿದಳು. ‘ಎಂಟು ತಿಂಗಳಿಂದ ಮಕ್ಕಳ ತೂಕ ತೆಗೆಯದೆ ನಿರ್ಲಕ್ಷ್ಯ ತೋರಿದ್ದೇನೆ. ತಪ್ಪಾಯಿತು, ಕ್ಷಮಿಸಬೇಕು’ ಎಂದಿತ್ತು. ಕೆಳಗೆ ಆಕೆಯ ಹೆಸರು, ಸಹಿಗೆ ಒಂದು ಗೆರೆ.

“ತೂಕ ತೆಗ್ದಿವ್ನಿ ಸಾ. ಒಂದ್ ತಿಂಗ್ಳೂ ಬುಟ್ಟಿಲ್ಲ. ಫೋನಲ್ಲಿ ಓಯ್ತಿಲ್ಲ, ಅಷ್ಟೇಯ.”

“ಫೋನಲ್ಲಿ ಬರ್ಲಿಲ್ಲ ಅಂದ್ರೆ ತೆಗೆದಿಲ್ಲ ಅಂತ್ಲೇ ಅರ್ಥ ಕಣಮ್ಮ. ಎಲ್ಲಿ, ಕೊಡಿ ಇಲ್ಲಿ.” ಸಾಹೇಬರು ಆಕೆಯ ಫೋನು ಕಿತ್ತುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ನಾಲ್ಕು ಕಡ್ಡಿ ಸಿಗ್ನಲ್ ನೆಟ್ಟಗೆ ನಿಂತಿತ್ತು. “ಸಿಗ್ನಲ್ ಇಲ್ವಂತೆ ಇವ್ರಿಗೆ!”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಬಸಮ್ಮನ ಮೈ ಉರಿದುಹೋಯಿತು. ಹದಿನೈದು ದಿನದಲ್ಲಿ ಸಹಿ ಬಾರದಿದ್ದರೆ ಕೆಲಸದಿಂದ ತೆಗೆಯಲು ಮೇಲಕ್ಕೆ ಬರೆಯುವುದಾಗಿ ಸಾಹೇಬರು ಹೇಳಿದರು. ಆಕೆ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಆ ಫೋನೇ ಹಾಗೆ. ಹನೂರಿಗೆ ಬಂದರೆ ಸಾಧು, ಊರು ಸೇರಿದರೆ ‘ಸೇವೆ ಇಲ್ಲ’. ಆಫೀಸಿನಿಂದಲೇ ಎಂಟು ತಿಂಗಳ ಹಿಂದೆ ಕೊಟ್ಟದ್ದು. ಮಗುವನ್ನು ತಕ್ಕಡಿಯಲ್ಲಿಟ್ಟು, ಕೇಂದ್ರದಲ್ಲೇ ನಿಂತು, ಆ ಗಳಿಗೆಯಲ್ಲೇ ಲೆಕ್ಕ ಕಳಿಸಬೇಕು, ಅದೂ ಆ ಫೋನಿನಿಂದಲೇ. ಊರಿಗೆ ಇರುವುದು ಒಂದೇ ಟವರು, ಹೋದ ವರ್ಷ ನೆಟ್ಟದ್ದು. ದನ ಕಾಯುವ ಬಸವಣ್ಣನ ಅಗ್ಗದ ಫೋನು ಕೂಡ ಅದರಲ್ಲಿ ಜೋರಾಗಿ ಮಾತಾಡುತ್ತದೆ. ಚಿಕ್ಕಬಸಮ್ಮನದಕ್ಕೆ ಮಾತ್ರ ಬಾಯಿಲ್ಲ. ಊರವರು ಅದು ಆಕೆಯ ಕೈಗುಣ ಎಂದೇ ತೀರ್ಮಾನಿಸಿಬಿಟ್ಟಿದ್ದರು. ಕೇಂದ್ರದ ಹಿಂದಿನ ದೊಡ್ಡ ಕಲ್ಲುಗುಂಡಿನ ನೆತ್ತಿಗೆ ಹತ್ತಿ, ಆಕೆ ದಿನಾ ಫೋನನ್ನು ಆಕಾಶಕ್ಕೆ ಎತ್ತಿ ನಿಲ್ಲುತ್ತಿದ್ದಳು. ಕೆಳಗೆ ಮಕ್ಕಳು “ಬಂತಾ ಮಿಸ್ಸೂ, ಬಂತಾ?” ಎಂದು ಕೂಗುತ್ತಿದ್ದವು. ಬರುತ್ತಿರಲಿಲ್ಲ. ಇಳಿದು ಬಂದು ತೂಕವನ್ನು ಕೇಂದ್ರದ ಒಳಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು: ಮಗುವಿನ ಹೆಸರು, ತಿಂಗಳು, ಕಿಲೋ.

ಗೋಡೆ ತುಂಬ ಅಷ್ಟೆಲ್ಲ ಬರೆದವಳು, ತೂಕ ತೆಗೆದಿಲ್ಲ ಎಂದು ತನ್ನ ಕೈಯಾರೆ ಒಪ್ಪಿಕೊಳ್ಳಬೇಕಂತೆ. ಕೆಲಸ ಹೋದರೆ ಹೋಗಲಿ, ಈ ಸುಳ್ಳಿನ ಕೆಳಗೆ ಮಾತ್ರ ತನ್ನ ಹೆಸರು ಬೀಳಬಾರದು ಎಂದು ಆಕೆಗೆ ಹಟ ಹುಟ್ಟಿತು.

ಅದೇ ವಾರ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟವರು ಒಳದಾರಿ ಹಿಡಿದು ಕಲ್ಲುದೊಡ್ಡಿಗೆ ಬಂದರು. ನಡೆದು ಬಂದವರಿಗೆ ಮಜ್ಜಿಗೆ ಕೊಡುವುದು ಚಿಕ್ಕಬಸಮ್ಮನ ಮನೆಯ ಹರಕೆ, ಅತ್ತೆ ವೀರಮ್ಮನ ಕಾಲದಿಂದ ನಡೆದದ್ದು. ಬದಲಿಗೆ ಏನನ್ನೂ ಮುಟ್ಟುವಂತಿಲ್ಲ. ಈ ಸಲ ಸೊಸೆ ಕೇಳಿಯೇಬಿಟ್ಟಳು.

“ಮಜ್ಜಿಗೆ ಕುಡ್ದೋರು ಒಂದ್ ಗಳಿಗೆ ಫೋನ್ ಕೊಡ್ರಪ್ಪ. ನನ್ ಸಿಮ್ ಆಕಿ ನೋಡಿ ಕೊಟ್ಬುಡ್ತೀನಿ.”

ವೀರಮ್ಮ ಒಲೆಯ ಮುಂದಿಂದ ಎದ್ದು ಬಂದಳು. “ಮಾದಪ್ಪನ ಮಜ್ಜಿಗೆಗೆ ಬದ್ಲು ಕೇಳೀಯಲ್ಲೇ, ನಾಚ್ಕೆ ಆಗಲ್ವಾ ನಿಂಗೆ?”

“ಸುಳ್ಳು ಬರ್ಕೊಟ್ಟು ಆ ಮಾದಪ್ಪನ್ ಮುಂದೆ ನಿಂತ್ಕಳಕ್ಕೆ ನಾಚ್ಕೆ ಆಯ್ತದ ಕಣತ್ತೆ. ಇದ್ಕೆ ಆಗಲ್ಲ.”

ತಾಳಿಯಲ್ಲಿದ್ದ ಪಿನ್ನು ಬಿಚ್ಚಿ ಸಿಮ್ಮಿನ ಬಾಗಿಲು ತೆರೆಯುವುದು, ತನ್ನ ಸಿಮ್ ಹಾಕುವುದು, ಕಡ್ಡಿ ನೋಡುವುದು, ನೋಟ್‌ಬುಕ್ಕಿನಲ್ಲಿ ಫೋನಿನ ಹೆಸರು, ಕಡ್ಡಿ ಬಂತೋ ಇಲ್ಲವೋ ಬರೆಯುವುದು. ಎರಡು ದಿನ ಇದೇ ಕೆಲಸ. ಬೈದವರೂ ಇದ್ದರು, ಮಜ್ಜಿಗೆ ಬಿಟ್ಟು ಹೋದವರೂ ಇದ್ದರು. ಆದರೂ ಮೂವತ್ತಕ್ಕೂ ಹೆಚ್ಚು ಫೋನು ಆಕೆಯ ಕೈದಾಟಿ ಹೋದವು. ಬಹಳಷ್ಟು ಫೋನು ಸಿಗ್ನಲ್ ಹಿಡಿದವು, ಆರು ಹಿಡಿಯಲಿಲ್ಲ. ಸಿಮ್ ಸರಿಯಿದೆ, ಟವರು ಸರಿಯಿದೆ, ಕೈಗುಣವೂ ಚೆನ್ನಾಗಿಯೇ ಇದೆ. ಹಾಗಾದರೆ ಮಿಕ್ಕಿದ್ದು ಆಫೀಸಿನ ಫೋನು.

ಮೂರನೆಯ ದಿನ ಕೊಳ್ಳೇಗಾಲದ ಮಹದೇವು ಬಂದ. ಬಸ್‌ಸ್ಟ್ಯಾಂಡಿನ ಪಕ್ಕ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಬೊಬ್ಬೆ ಬಂದ ಪಾದ ಚಾಚಿಕೊಂಡು ಕುಳಿತು, ನೋಟ್‌ಬುಕ್ಕು ನೋಡಿ ಮೊದಲು ನಕ್ಕ. ಎರಡು ಪುಟ ತಿರುವಿದ ಮೇಲೆ ನಗು ನಿಂತಿತು.

“ಅಕ್ಕ, ನಾವ್ ಮಿಷಿನ್ ಇಟ್ಕಂಡು ಮಾಡೋ ಕೆಲ್ಸವ ಮಜ್ಜಿಗೇಲಿ ಮಾಡಿದೀರಲ್ಲ! ಈ ಫೋನ್ ಬಂದ ಡಬ್ಬಿ ಅದಾ?”

ಡಬ್ಬಿಯಲ್ಲಿ ಸೀಮೆಸುಣ್ಣವಿತ್ತು. ಅದರಡಿಯಲ್ಲಿ ಯಾರೂ ಬಿಚ್ಚದ ಸಣ್ಣ ಪುಸ್ತಕವಿತ್ತು. ಮಹದೇವು ಅದರ ಕೊನೆಯ ಪುಟಕ್ಕೆ ಬೆರಳಿಟ್ಟ.

“ಹಳೇ ರೇಡಿಯೋ ಗೊತ್ತಲ್ಲ? ಸ್ಟೇಷನ್ ಎಲ್ಲಿ ಬತ್ತದೋ ಅಲ್ಲಿಗೆ ಮುಳ್ಳು ಓಗ್ಬೇಕು. ಟವರೂ ಅಂಗೇಯ, ಒಂದೊಂದು ಬ್ಯಾಂಡಲ್ಲಿ ಮಾತಾಡ್ತದ. ನಿಮ್ಮೂರಿನ್ ಟವರು ಮಾತಾಡೋದು ಇಪ್ಪತ್ತೆಂಟನೇ ಬ್ಯಾಂಡಲ್ಲಿ ಮಾತ್ರ. ನಿಮ್ ನೋಟ್‌ಬುಕ್ಕಲ್ಲಿ ಕಡ್ಡಿ ಬರ್ದೇ ಇದ್ದ ಆರು ಫೋನ್ಗೂ ಆ ಬ್ಯಾಂಡ್ ಇಲ್ಲ. ಈ ಪಟ್ಟೀಲಿ ನೋಡಿ: ಒಂದು, ಮೂರು, ಐದು, ಎಂಟು, ನಲವತ್ತು. ಇಪ್ಪತ್ತೆಂಟು ಎಲ್ಲದ? ಹನೂರಲ್ಲಿ ಅದೇ ಕಂಪ್ನಿ ಒಂದನೇ ಬ್ಯಾಂಡೂ ಇಟ್ಟದ, ಅದ್ಕೇ ಅಲ್ಲಿ ಕಡ್ಡಿ ಬತ್ತದ. ಇಲ್ಲಿ ಗುಂಡಲ್ಲ, ಬೆಟ್ಟದ ತುದೀಗ್ ಓಗಿ ನಿಂತ್ರೂ ಈ ಫೋನ್ಗೆ ಕೇಳಲ್ಲ.”

ಎಂಟು ತಿಂಗಳು ಬಿಸಿಲಲ್ಲಿ ಆ ಬಂಡೆ ಹತ್ತಿದ್ದು ನೆನೆದು ಆಕೆಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು. ಬ್ಯಾಗಿನಿಂದ ಹಾಳೆ ತೆಗೆದು, ಸಹಿಯ ಗೆರೆಗೆ ಅಡ್ಡಗೀಟು ಎಳೆದು, ಹಿಂಬದಿಯಲ್ಲಿ ಬರೆದಳು: ‘ತೂಕ ತೆಗೆದಿದ್ದೇನೆ. ಬಂದು ಗೋಡೆ ನೋಡಿ. ನೀವು ಕೊಟ್ಟ ಫೋನಿಗೆ ಇಪ್ಪತ್ತೆಂಟನೇ ಬ್ಯಾಂಡು ಇಲ್ಲ. ನನ್ನ ಕೆಲಸದಲ್ಲಿ ಏನೂ ಕಮ್ಮಿಯಿಲ್ಲ.’

ಹಾಳೆ ಹನೂರಿನ ಆಫೀಸಿಗೆ ಹೋಯಿತು. ಅದನ್ನು ಓದಿ ಶಿವನಂಜಯ್ಯನವರು ಕೆಂಡವಾದರು. ನಾಲ್ಕನೇ ದಿನಕ್ಕೆ ಜೀಪು ಕಲ್ಲುದೊಡ್ಡಿಗೆ ಬಂತು. ಅವರ ಕೈಯಲ್ಲೂ ಆಫೀಸು ಕೊಟ್ಟ ಅಂಥದ್ದೇ ಫೋನು.

“ಬ್ಯಾಂಡಂತೆ ಬ್ಯಾಂಡು! ನನ್ನ ಫೋನಿಂದ್ಲೇ ಕಳಿಸ್ತೀನಿ, ನೋಡ್ತಿರಿ.”

ಬಾಗಿಲಲ್ಲಿ ನಿಂತು ನೋಡಿದರು. ಜಗಲಿಗೆ ಬಂದರು, ಅಂಗಳಕ್ಕೆ ಇಳಿದರು. ಫೋನು ಆರಿಸಿ ಮತ್ತೆ ಹಚ್ಚಿದರು. ಕೊನೆಗೆ ಶೂ ಕಳಚಿಟ್ಟು, ಪ್ಯಾಂಟು ಮಡಚಿ, ಗುಂಡು ಹತ್ತಿ, ಫೋನನ್ನು ಆಕಾಶಕ್ಕೆ ಎತ್ತಿದರು.

ಮಕ್ಕಳು ಅಭ್ಯಾಸಬಲದಿಂದ ಹೊರಗೆ ಓಡಿಬಂದವು. “ಬಂತಾ ಸಾರೂ, ಬಂತಾ?”

“ಇನ್ನೊಂಚೂರು ಮ್ಯಾಕ್ಕೋಗಿ ಸಾ,” ಎಂದಳು ಚಿಕ್ಕಬಸಮ್ಮ. “ನಾನ್ ಎಂಟ್ ತಿಂಗ್ಳು ನಿಂತಿದ್ದು ಅಲ್ಲೇಯ.”

ಅವರು ಇಳಿದು ಬಂದಾಗ ಆಕೆ, ತಪಾಸಣೆಗೆ ಬಂದವರು ಬರೆಯುವ ಭೇಟಿ ಪುಸ್ತಕವನ್ನು ತೆರೆದು ಹಿಡಿದಿದ್ದಳು. ಸಾಹೇಬರು ‘ಈ ಫೋನಿಗೆ ಸಿಗ್ನಲ್ ದೊರೆಯುವುದಿಲ್ಲ’ ಎಂದು ಬರೆದು ಪುಸ್ತಕ ಚಾಚಿದರು.

“ತೂಕ ತೆಗೆದವ್ಳೆ ಅಂತಾನೂ ಬರೀರಿ.”

ಅವರು ಒಳಗೆ ಹೋಗಿ, ಗೋಡೆಯ ಮುಂದೆ ಬಹಳ ಹೊತ್ತು ನಿಂತು, ಧನುಶ್ರೀ ಎಂಬ ಮಗುವಿನ ಎಂಟೂ ತಿಂಗಳ ತೂಕವನ್ನು ಬೆರಳಿಟ್ಟು ಓದಿದರು. ಬಂದು ಅದನ್ನೂ ಬರೆದು ಸಹಿ ಹಾಕಿದರು. ಶೂ ಹಾಕಿಕೊಳ್ಳಲು ಹೊರಟವರನ್ನು ಚಿಕ್ಕಬಸಮ್ಮ ತಡೆದಳು.

“ಒಂದ್ ಗಳಿಗೆ ನಿಂತ್ಕಳಿ ಸಾ.”

ಆಕೆ ಕನ್ನಡಕ ಹುಡುಕಿ ಹಾಕಿಕೊಂಡು, ಮೊದಲ ಅಕ್ಷರದಿಂದ ಸಹಿಯವರೆಗೆ ನಿಧಾನವಾಗಿ ಓದಿದಳು. ಅಲ್ಲಿಯವರೆಗೂ ಶಿವನಂಜಯ್ಯನವರು ಬರಿಗಾಲಲ್ಲೇ ನಿಂತಿದ್ದರು.